ತೆಗೆದಿಟ್ಟ ಕೆಂಡ

ನ್ಯೂಜೆರ್ಸಿಯಲ್ಲಿ ನಮ್ಮವರ ಗೃಹಪ್ರವೇಶ ಎಂದರೆ ಮೊದಲು ಪುರೋಹಿತರಿಗೆ ಫೋನು, ಆಮೇಲೆ ಸೀಲಿಂಗಿಗೆ ಏಣಿ. ಹೋಮದ ಹೊಗೆಗೆ ಸೀಲಿಂಗಿನಲ್ಲಿರುವ ಸ್ಮೋಕ್ ಅಲಾರ್ಮ್ ಕಿರುಚಿಕೊಳ್ಳುತ್ತದೆ, ಮಂತ್ರ ಕೇಳಿಸುವುದಿಲ್ಲ, ಮಕ್ಕಳು ಕಿವಿ ಮುಚ್ಚಿಕೊಂಡು ಓಡುತ್ತವೆ. ಅದಕ್ಕೆ ಮನೆಯವರು ಯಾರಾದರೂ ಏಣಿ ಹತ್ತಿ ಅದನ್ನು ಬಿಚ್ಚಿ ಬಿಡುತ್ತಾರೆ. ಬಿಚ್ಚುವಾಗ ಇರುವ ಉತ್ಸಾಹ ವಾಪಸ್ ಹಾಕುವಾಗ ಮಾತ್ರ ಯಾರಿಗೂ ಇರುವುದಿಲ್ಲ. ಹಾಕಿದಿರಾ ಅಂತ ಕೇಳಿದರೆ, "ಹಾಕೋಣ ಬಿಡಿ, ಏನ್ ಅವಸರ?"

ಪಿಸ್ಕಾಟವೇಯಲ್ಲಿ ನವನೀತ್ ಮತ್ತು ಹಂಸಿನಿ ಹೊಸದಾಗಿ ಒಂದು ಹಳೆಯ ಮನೆ ಕೊಂಡರು. ಜುಲೈ ತಿಂಗಳ ಒಂದು ಶನಿವಾರ ಗೃಹಪ್ರವೇಶ. ಹೀಟ್ ವೇವ್ ಅಂತ ವಾರದಿಂದ ಫೋನಿನಲ್ಲಿ ಎಚ್ಚರಿಕೆ ಬರುತ್ತಲೇ ಇತ್ತು. ಬೆಳಿಗ್ಗೆಯೇ ಹೊರಗೆ ಕಾಲಿಟ್ಟರೆ ಕಾದ ಹೆಂಚಿನ ಮೇಲೆ ನಿಂತ ಹಾಗೆ.

ನವನೀತನ ತಂದೆ ಜಯರಾಮು, ತಾಯಿ ಜವರಮ್ಮ ಮಂಡ್ಯದ ಕಡೆಯವರು, ಈಗ ಮಗನ ಜೊತೆ ಇಲ್ಲೇ ಇದ್ದಾರೆ. ಜಯರಾಮು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಬೆಂಕಿಯ ವಿಷಯ ಬಂದರೆ ಬೇರೆಯವರಿಗೆ ಬಾಯಿ ತೆಗೆಯಲು ಬಿಡುವುದಿಲ್ಲ.

ಸೊಸೆ ಹಂಸಿನಿಯ ಕೆಲಸವೇ ಗಾಳಿ. ನೆಲದಡಿಯ ಕಲ್ಲಿದ್ದಲು ಗಣಿಗಳಿಗೆ ಒಳ್ಳೆಯ ಗಾಳಿ ಹೇಗೆ ಕಳಿಸಬೇಕು, ಕೆಟ್ಟ ಗಾಳಿ ಹೇಗೆ ಆಚೆ ತೆಗೆಯಬೇಕು, ಒಳಗಿನ ಸೆಕೆ ಹೇಗೆ ಇಳಿಸಬೇಕು ಎಂದು ಲೆಕ್ಕ ಹಾಕಿ ಕೊಡುವ ಎಂಜಿನಿಯರ್. ಗಣಿಯಲ್ಲಿ ನೂರಾರು ಜನ ಅವಳ ಮಾತಿನ ಮೇಲೆ ಉಸಿರಾಡುತ್ತಾರೆ. ಮನೆಯಲ್ಲಿ ಒಂದು ಕಿಟಕಿ ತೆಗೆಯಿರಿ ಎಂದರೆ ಒಬ್ಬರೂ ಕೇಳುವುದಿಲ್ಲ.

"ಮಾವ, ಹೋಮ ಹಿತ್ತಲಲ್ಲಿ ಮಾಡೋಣ. ಒಂದು ಕ್ಯಾನೊಪಿ ಹಾಕಿಸ್ತೀನಿ," ಎಂದು ಹಂಸಿನಿ ವಾರದ ಹಿಂದೆಯೇ ಹೇಳಿದ್ದಳು.

"ಗೃಹಪ್ರವೇಶ ಅಂದ್ರೆ ಗೃಹದ ಒಳಗೆ ಕಣಮ್ಮ. ಹಿತ್ತಲಲ್ಲಿ ಮಾಡಿದ್ರೆ ಅದು ಹಿತ್ತಲಪ್ರವೇಶ," ಎಂದರು ಜಯರಾಮು. ತಾವು ಹೇಳಿದ್ದಕ್ಕೆ ತಾವೇ ನಕ್ಕರು.

"ಮೇಲೆ ಹೊಸ ವುಡ್ ಫ್ಲೋರ್ ಹಾಕ್ಸಿದೀವಿ," ಎಂದ ನವನೀತ್. "ಬೇಸ್‌ಮೆಂಟಲ್ಲಿ ಸಿಮೆಂಟ್ ನೆಲ ಇದೆಯಲ್ಲ, ಅಲ್ಲೇ ಮಾಡೋಣ. ಕೆಳಗಡೆಗೆ ಬೇರೆ ಎಸಿನೂ ಇದೆ, ತಂಪಾಗಿರುತ್ತೆ."

ನೆಲಮಾಳಿಗೆಯಲ್ಲಿ ಬೆಂಕಿ! ಹಂಸಿನಿಗೆ ತಲೆ ಚಿಟ್ಟು ಹಿಡಿಯಿತು. ವಾದ ಮಾಡಿದಳು, ಗೋಡೆಗೆ ಹೇಳಿದ ಹಾಗಾಯಿತು. ಕೊನೆಗೆ, "ಸರಿ, ನಾನು ಹೇಳಿದ ಹಾಗೆ ಫ್ಯಾನ್ ಇಡ್ತೀನಿ. ಯಾರೂ ಮುಟ್ಟಬಾರದು," ಎಂದು ಕರಾರು ಹಾಕಿದಳು. ಗೃಹಪ್ರವೇಶದ ದಿನ ಬೆಳಿಗ್ಗೆ ಬೇಸ್‌ಮೆಂಟಿನ ಒಂದು ಕಿಟಕಿಗೆ ಗಾಳಿ ಒಳಗೆ ನೂಕುವ ಫ್ಯಾನ್, ಎದುರಿನ ಕಿಟಕಿಗೆ ಹೊರಗೆ ಎಳೆಯುವ ಫ್ಯಾನ್ ಇಟ್ಟಳು. ಗಣಿಯಲ್ಲೂ ಇದೇ ಲೆಕ್ಕ. ಗಾಳಿಗೆ ಬರಲು ಒಂದು ದಾರಿ, ಹೋಗಲು ಒಂದು ದಾರಿ ಇರಲೇಬೇಕು.

"ಅಲಾರ್ಮ್ ಎಲ್ಲಿ ಮಾವ?" ಸೀಲಿಂಗ್ ನೋಡಿ ಕೇಳಿದಳು.

"ತೆಗೆದಿಟ್ಟಿದೀನಿ."

"ಅದು ಬರೀ ಹೊಗೆಗಲ್ಲ ಮಾವ, ಕಾರ್ಬನ್ ಮಾನಾಕ್ಸೈಡಿಗೂ ಅದೇ ಡಬ್ಬಿ. ಹೋಮ ಮುಗಿದ ತಕ್ಷಣ ವಾಪಸ್ ಹಾಕ್ಬೇಕು."

"ಹಾಕೋಣಮ್ಮ. ನೀನು ಹೋಗಿ ಕಳಶ ನೋಡು."

ಹೋಮ ಚೆನ್ನಾಗಿಯೇ ಆಯಿತು. ಫ್ಯಾನುಗಳು ಓಡಿದವು, ಹೊಗೆ ಹಿತ್ತಲಿಗೆ ಹೋಯಿತು. ಬಂದವರು ಊಟ ಮಾಡಿ, ಸೆಕೆಗೆ ಉಸ್ಸಪ್ಪಾ ಎನ್ನುತ್ತಾ ಹೊರಟರು. ಪುರೋಹಿತರನ್ನು ಮನೆಗೆ ಬಿಡುವ ಕೆಲಸ ಹಂಸಿನಿಗೆ ಬಿತ್ತು. ಹೊರಡುವಾಗ ಗಂಡನಿಗೆ ಹೇಳಿದಳು, "ನವನೀತ್, ಹೋಮದ ಕುಂಡ ಹೊರಗಿಡು. ಅಲಾರ್ಮ್ ಹಾಕು."

"ಐದ್ ನಿಮಿಷ," ಎಂದ ನವನೀತ್. ಅವನ ಐದು ನಿಮಿಷದ ಮೇಲೆ ಮದುವೆಯಾದಾಗಿನಿಂದಲೂ ಅವಳಿಗೆ ನಂಬಿಕೆ ಇಲ್ಲ. ಆದರೂ ಪುರೋಹಿತರು ಕಾರಿನಲ್ಲಿ ಬೇಯುತ್ತಿದ್ದರು, ಹೊರಟಳು.

ವಾಪಸ್ ಬಂದು ನೋಡಿದರೆ ಸೀಲಿಂಗ್ ಖಾಲಿ.

"ಏಣಿ ಪಕ್ಕದ ಮನೆಯವರದು, ತಗೊಂಡು ಹೋದ್ರು. ಸಂಜೆ ಹಾಕ್ತೀನಿ ಹಂಸ," ಎಂದ ನವನೀತ್, ಸೋಫಾದಿಂದ ಏಳದೆ.

"ಅಯ್ಯೋ, ಕುರ್ಚಿ ಮೇಲೆ ನಿಂತು ಹಾಕಕ್ಕಾಗಲ್ವೇನೋ! ಕೆಂಡ ಏನ್ ಮಾಡಿದ್ರಿ?"

ಉತ್ತರ ಕೊಟ್ಟವರು ಜಯರಾಮು. "ತೆಗೆದಿಟ್ಟಿದೀನಿ ಕಣಮ್ಮ. ನೀನೇನೂ ಯೋಚ್ನೆ ಮಾಡ್ಬೇಡ."

ತೆಗೆದರು, ಹೊರಗಿಟ್ಟರು ಎಂದುಕೊಂಡಳು ಹಂಸಿನಿ. ಸದ್ಯ, ಒಂದು ಕೆಲಸವಾದರೂ ಆಯಿತಲ್ಲ ಅಂತ ನಿಟ್ಟುಸಿರು ಬಿಟ್ಟಳು. ಅಷ್ಟರಲ್ಲಿ ಫೋನು ಬಂತು. ಅಲಬಾಮಾದ ಒಂದು ಗಣಿಯಿಂದ ಡ್ವೇನ್. ಅವನು ಅಲ್ಲಿನ ಶಿಫ್ಟ್ ಮೇಲ್ವಿಚಾರಕ. ಇವತ್ತು ರಜೆ ಎಂದು ಹೇಳಿದ್ದರೂ ಫೋನ್ ಮಾಡುವ ಪೈಕಿ. ಮನೆಯೊಳಗೆ ಪಾತ್ರೆಗಳ ಸದ್ದು, ಹಂಸಿನಿ ಹಿತ್ತಲಿಗೆ ಹೋಗಿ ಮರದ ನೆರಳಿನಲ್ಲಿ ನಿಂತಳು.

ಆ ಗಣಿ ತುಂಬಾ ಆಳ. ಆಳಕ್ಕೆ ಹೋದಷ್ಟೂ ಬಂಡೆಯೇ ಬಿಸಿ. ಅದರ ಮೇಲೆ ಯಂತ್ರಗಳ ಬಿಸಿ ಬೇರೆ. ಕೆಲಸಗಾರರು ಬೆಂದುಹೋಗುತ್ತಾರೆಂದು ಗಾಳಿ ತಂಪು ಮಾಡುವ ದೊಡ್ಡ ಕೂಲರ್ ಒಂದನ್ನು ಹೊಸದಾಗಿ ಕೆಳಗೆ ಇಳಿಸಿದ್ದರು. ಇದು ಸೆಕೆಯ ಕಥೆ. ಗಾಳಿಯ ಕಥೆಯೇ ಬೇರೆ. ನೆಲದ ಮೇಲಿನ ದೊಡ್ಡ ಫ್ಯಾನು ಹೊರಗಿನ ಗಾಳಿಯನ್ನು ಒಳಗೆ ಹರಿಸಬೇಕು. ಅದು ಅಡ್ಡದಾರಿ ಹಿಡಿಯದೆ ಕೆಲಸ ನಡೆಯುವ ತುದಿಯವರೆಗೂ ಹೋಗಲೆಂದು ಸುರಂಗದಲ್ಲಿ ದಪ್ಪ ಪರದೆಗಳನ್ನು ಕಟ್ಟುತ್ತಾರೆ. ಕಲ್ಲಿದ್ದಲು ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಜ್ವಾಲೆ, ಹೊಗೆ ಏನೂ ಇಲ್ಲದೆ ಒಳಗೊಳಗೇ ಕಾಯಬಲ್ಲದು. ಕಾಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಬಂದಿದೆ ಎಂದು ಹೇಳಬಲ್ಲದ್ದು ಮೀಟರ್ ಒಂದೇ.

"ಕೂಲರ್ ಸೂಪರ್ ಹಂಸಿನಿ, ಎಲ್ಲರೂ ಖುಷಿಯಾಗಿದ್ದಾರೆ," ಎಂದ ಡ್ವೇನ್ ತನ್ನ ಎಳೆದೆಳೆದ ಇಂಗ್ಲಿಷಿನಲ್ಲಿ. "ಯಂತ್ರ ದಾಟಿಸಬೇಕಿತ್ತು, ಪರದೆ ಸ್ವಲ್ಪ ಎತ್ತಿ ಕಟ್ಟಿದ್ದೇವೆ. ಇಬ್ಬರಿಗೆ ತಲೆನೋವಂತೆ. ಸೆಕೆಗೆ ಇರಬೇಕು."

ಹಂಸಿನಿ ಹಣೆ ಚಚ್ಚಿಕೊಂಡಳು. "ಡ್ವೇನ್, ತಂಪು ಗಾಳಿ ಬೇರೆ, ಒಳ್ಳೆ ಗಾಳಿ ಬೇರೆ! ಕೂಲರ್ ಹೊಸ ಗಾಳಿ ತರುವುದಿಲ್ಲ, ಇರುವ ಗಾಳಿಯನ್ನೇ ತಣ್ಣಗೆ ಮಾಡುತ್ತದೆ. ಒಂದೇ ಜಾಗದಲ್ಲಿ ಇಬ್ಬರಿಗೆ ತಲೆನೋವು ಅಂದರೆ ಅದು ಸೆಕೆ ಅಂತ ನಿನಗೆ ಯಾರು ಹೇಳಿದರು? ಮೊದಲು ಅವರನ್ನು ಆಚೆ ಕರೆದುಕೊಂಡು ಬಾ. ಆಮೇಲೆ ಮೀಟರ್ ನೋಡು. ಪರದೆ ಮೊದಲಿದ್ದ ಹಾಗೆ ಕಟ್ಟು. ಎಷ್ಟು ಸಲ ಹೇಳಬೇಕು ನಾನು?"

"ಯೆಸ್ ಮ್ಯಾಮ್," ಎಂದ ಡ್ವೇನ್, ಮೆತ್ತಗೆ.

ಬೈದು ಬೈದು ಗಂಟಲು ಒಣಗಿತ್ತು. ಒಳಗೆ ಬಂದು ಮಜ್ಜಿಗೆಗೆಂದು ಫ್ರಿಜ್ ತೆಗೆದಳು. ತರಕಾರಿ ಡ್ರಾಯರಿನಲ್ಲಿ, ಎಲೆಕೋಸಿನ ಪಕ್ಕ, ಟವೆಲ್ಲಿನಲ್ಲಿ ಸುತ್ತಿದ ಏನೋ ಒಂದು. ಬಿಚ್ಚಿದಳು. ಅಲಾರ್ಮ್! ಕೊತ್ತಂಬರಿ ಸೊಪ್ಪಿನ ಮಧ್ಯೆ ಹಸಿರು ದೀಪ ಮಿಣುಕಿಸುತ್ತಾ ಕೂತಿತ್ತು.

"ಮಾವಾ! ಇದೇನಿದು ಫ್ರಿಜ್ಜಲ್ಲಿ?"

ಜಯರಾಮು ಮುಂದಿನ ಕೋಣೆಯಲ್ಲಿ ರೇಷ್ಮೆ ಪಂಚೆ ಮೊಣಕಾಲಿಗೆ ಎತ್ತಿಕೊಂಡು ಫ್ಯಾನಿನ ಎದುರು ಕೂತಿದ್ದರು. "ವಾಟ್ಸಾಪ್ ಗ್ರೂಪಲ್ಲಿ ಬಂದಿತ್ತಮ್ಮ. ಫ್ರಿಜ್ಜಲ್ಲಿಟ್ರೆ ಹೊಗೆ ತಾಗಲ್ಲ, ಬಡ್ಕೊಂಡ್ರೂ ಕೇಳ್ಸಲ್ಲ. ಬ್ಯಾಟರಿ ತೆಗೆಯೋ ತಾಪತ್ರಯನೂ ಇಲ್ಲ. ಒಳ್ಳೆ ಐಡಿಯಾ ಅಲ್ವಾ?"

ಈ ಮನುಷ್ಯನಿಗೆ ಏನು ಹೇಳುವುದು ಎಂದು ಹಂಸಿನಿ ಹಲ್ಲು ಕಚ್ಚಿದಳು. ಮನೆಯಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತು. ಬೆಳಿಗ್ಗೆಯಿಂದ ಕುಣಿಯುತ್ತಿದ್ದ ಪುಟ್ಟ ಮಗಳ ಸದ್ದೇ ಇಲ್ಲ.

"ಆರಾಧ್ಯಾ ಎಲ್ಲಿ? ಅತ್ತೆ ಎಲ್ಲಿ?"

"ಮೇಲೆ ಈ ಎಸಿ ಸಾಲ್ತಿಲ್ಲ, ಅದಕ್ಕೇ ಕೆಳಗೆ ಮಲ್ಗಿದಾರೆ. ನಿನ್ನ ಫ್ಯಾನ್ ತೆಗೆದು, ಕಿಟಕಿ ಎಲ್ಲಾ ಮುಚ್ಚಿ ಎಸಿ ಹಾಕ್ಕೊಟ್ಟಿದೀನಿ, ಊಟಿ ಥರ ಇದೆ. ನಿಮ್ಮತ್ತೆಗೆ ತಲೆನೋವಂತೆ, ಬೆಳಿಗ್ಗೆಯಿಂದ ಉಪವಾಸ ಅಲ್ವಾ. ಮಗೂಗೂ ತಲೆ ನೋಯ್ತಿದೆ ಅಂದ್ಳು, ಬಿಸಿಲಲ್ಲಿ ಕುಣ್ದಿದ್ಲಲ್ಲ."

ಒಂದೇ ಜಾಗ. ಇಬ್ಬರು. ತಲೆನೋವು. ಈಗ ತಾನೇ ಡ್ವೇನ್‌ಗೆ ಕೂಗಿ ಹೇಳಿದ ಮಾತು.

ಹಂಸಿನಿ ಮಾವನ ಎದುರು ಬಂದು ನಿಂತಳು. "ಮಾವ, ಕೆಂಡ ಎಲ್ಲಿಟ್ರಿ?"

"ಹೇಳಿದ್ನಲ್ಲ, ತೆಗೆದಿಟ್ಟಿದೀನಿ."

"ಎಲ್ಲಿ ಮಾವ?"

"ಕೆಳಗೇ, ಮೆಟ್ಟಿಲ ಅಡಿ. ಸಂಜೆ ಮನೆಗೆಲ್ಲಾ ಸಾಂಬ್ರಾಣಿ ಹಾಕಕ್ಕೆ ಕೆಂಡ ಬೇಕಲ್ಲ. ನೀರು ಹಾಕಿ ಅಗ್ನಿ ಆರಿಸ್ಬಾರ್ದು. ಆರೋಗ್ದೆ ಇರ್ಲಿ ಅಂತ ಬಾರ್ಬೆಕ್ಯೂ ಇದ್ದಿಲು ಒಂದ್ನಾಲ್ಕು ಬೊಗಸೆ ಹಾಕಿ ಬೂದಿ ಮುಚ್ಚಿದೀನಿ. ನಿಗಿನಿಗಿ ಅಂತಿದೆ. ಹೊಗೆ ಒಂದು ಎಳೆ ಇಲ್ಲ, ಬೇಕಾದ್ರೆ ನೋಡು!"

ತೆಗೆದಿಟ್ಟಿದ್ದಾರಂತೆ! ಅವಳು ಕೇಳಿದ್ದು ತೆಗೆದು ಹೊರಗಿಟ್ಟಿರಾ ಎಂದು, ಅವರು ಹೇಳಿದ್ದು ಸಂಜೆಗೆ ಬೇಕೆಂದು ತೆಗೆದಿಟ್ಟಿದ್ದೇನೆ ಎಂದು. ಒಂದೇ ಮಾತು, ಒಂದೇ ಕನ್ನಡ.

"ನವನೀತ್! ನೈನ್ ಒನ್ ಒನ್‌ಗೆ ಫೋನ್ ಮಾಡು! ಕಾರ್ಬನ್ ಮಾನಾಕ್ಸೈಡ್ ಅನ್ನು! ಮಾವ, ನೀವು ಆಚೆ ಹೋಗಿ, ಈಗಲೇ!"

ಬಾಗಿಲ ಹಿಂದೆ ನೇತು ಹಾಕಿದ್ದ ಆಫೀಸಿನ ಬ್ಯಾಗಿನಿಂದ ಗಣಿಗೆ ಒಯ್ಯುವ ಮೀಟರ್ ಕಿತ್ತುಕೊಂಡು ಬೇಸ್‌ಮೆಂಟಿನ ಬಾಗಿಲು ತೆಗೆದಳು. ತಂಪು ಗಾಳಿ ಮುಖಕ್ಕೆ ಬಂತು. ಎಷ್ಟು ಹಿತವಾದ ಗಾಳಿ! ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಮೀಟರ್ ಕೆಂಪಗೆ ಮಿನುಗಿ ಬಡಿದುಕೊಳ್ಳಲು ಶುರು ಮಾಡಿತು. ಅಂಥ ಜಾಗಕ್ಕೆ ಸುಮ್ಮನೆ ನುಗ್ಗಬಾರದು ಎಂದು ಗಣಿಯವರಿಗೆ ಪಾಠ ಹೇಳುವವಳೇ ಅವಳು. ಆದರೆ ಕೆಳಗೆ ಮಲಗಿದ್ದುದು ಅವಳ ಮಗಳು, ಪಾಠ ಎಲ್ಲಿಂದ ನೆನಪಾಗಬೇಕು?

"ಆರಾಧ್ಯಾ!"

ಮಗು ಕಣ್ಣು ಅರ್ಧ ತೆರೆಯಿತು. "ಅಮ್ಮಾ... ಮೈ ಹೆಡ್ ಹರ್ಟ್ಸ್. ಐ ಫೀಲ್ ಲೈಕ್ ಥ್ರೋಯಿಂಗ್ ಅಪ್."

ಮಗಳನ್ನು ಬಾಚಿ ಎತ್ತಿಕೊಂಡು ಮೇಲೆ ಓಡಿ ನವನೀತನ ಕೈಗೆ ಎಸೆದ ಹಾಗೆ ಕೊಟ್ಟು, ಉಸಿರು ಎಳೆದುಕೊಂಡು ಮತ್ತೆ ಇಳಿದಳು. ಬೇಸ್‌ಮೆಂಟಿನಿಂದ ನೇರ ಹಿತ್ತಲಿಗೆ ತೆರೆಯುವ ಬಾಗಿಲನ್ನು ಒದ್ದು ತೆಗೆದಳು. ಜವರಮ್ಮ ಕರೆದರೆ ಓಗೊಡಲಿಲ್ಲ. ಅಲುಗಿಸಿದರೆ ತಲೆ ಒಂದು ಕಡೆಗೆ ವಾಲಿತು. ಉಟ್ಟ ಹೊಸ ಸೀರೆ, ಮುಡಿದ ಮಲ್ಲಿಗೆ ಎಲ್ಲಾ ಹಾಗೇ ಇತ್ತು. ಹಂಸಿನಿ ಅವರು ಮಲಗಿದ್ದ ಜಮಖಾನವನ್ನೇ ಹಿಡಿದು ಎಳೆದಳು. ಮಗುವನ್ನು ಅಜ್ಜನ ಕೈಗೆ ಕೊಟ್ಟು ಬಾಗಿಲ ಬಳಿ ಬಂದ ನವನೀತ್ ಕೈ ಹಾಕಿದ. ಇಬ್ಬರೂ ಸೇರಿ ತಾಯಿಯನ್ನು ಆ ಸುಡುವ ಬಿಸಿಲಿಗೆ ತಂದು ಹುಲ್ಲಿನ ಮೇಲೆ ಮಲಗಿಸಿದರು.

"ಉಸಿರಾಡ್ತಿದಾರೆ," ಎಂದಳು ಹಂಸಿನಿ. ಇನ್ನೊಂದು ಸಲ ಮೂಗಿನ ಬಳಿ ಬೆರಳಿಟ್ಟು ನೋಡಿದಳು. "ಉಸಿರಾಡ್ತಿದಾರೆ."

ಅಗ್ನಿಶಾಮಕದವರು ಬಂದರು, ಆಂಬ್ಯುಲೆನ್ಸ್ ಬಂತು. ಜವರಮ್ಮನಿಗೂ ಮಗುವಿಗೂ ಆಕ್ಸಿಜನ್ ಮಾಸ್ಕ್ ಹಾಕಿದರು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಒಬ್ಬರು ಕೆಳಗಿಳಿದು ಕುಂಡವನ್ನು ಹಿಡಿದು ತಂದು ಹಿತ್ತಲ ಮಧ್ಯೆ ಇಟ್ಟರು. ಬೂದಿಯೊಳಗೆ ಕೆಂಡ ಕೆಂಪಗೆ ನಗುತ್ತಿತ್ತು. ಹೊಗೆ ಒಂದು ಎಳೆಯೂ ಇರಲಿಲ್ಲ.

"ಈ ಮನೆಯಲ್ಲಿ ಅಲಾರ್ಮ್ ಇಲ್ವಾ?" ಎಂದು ಅವರ ಮುಖ್ಯಸ್ಥ ಇಂಗ್ಲಿಷಿನಲ್ಲಿ ಕೇಳಿದ.

ಜಯರಾಮು ಪಂಚೆಯ ಅಂಚು ಹಿಡಿದುಕೊಂಡು ನೆಲ ನೋಡುತ್ತಿದ್ದರು. ಬೆಳಿಗ್ಗೆ ಅಜ್ಜನ ಹಿಂದೆ ಹಿಂದೆಯೇ ಓಡಾಡಿ ಎಲ್ಲಾ ನೋಡಿದ್ದ ಆರಾಧ್ಯಾ ಮಾಸ್ಕ್ ಸರಿಸಿ ಹೇಳಿದಳು, "ಇಟ್ಸ್ ಇನ್ ದ ಫ್ರಿಜ್."

ಆಸ್ಪತ್ರೆಯಲ್ಲಿ ಜವರಮ್ಮನಿಗೆ ಎಚ್ಚರವಾಗುವಷ್ಟರಲ್ಲಿ ಎಲ್ಲರ ಜೀವ ಬಾಯಿಗೆ ಬಂದಿತ್ತು. ಕಣ್ಣು ಬಿಟ್ಟವರು ಸುತ್ತ ನೋಡಿ ಮಾಸ್ಕಿನೊಳಗಿಂದಲೇ ಕೇಳಿದರು, "ಮನೆಗೆ ಸಾಂಬ್ರಾಣಿ ಹಾಕಿದ್ರೇನವ್ವಾ?"

ಹಂಸಿನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂತು. "ಸಾಂಬ್ರಾಣಿ ಅಂತೆ ಸಾಂಬ್ರಾಣಿ! ಇನ್ನು ಸ್ವಲ್ಪ ಹೊತ್ತು ಕಳೆದಿದ್ರೆ ನೀವು ಎದ್ದೇಳ್ತಾ ಇರ್ಲಿಲ್ಲ ಅತ್ತೆ! ಡಾಕ್ಟ್ರೇ ಹೇಳಿದ್ರು. ಎಸಿ ಹಾಕಿ ಕಿಟಕಿ ಮುಚ್ಚಿದ್ರಲ್ಲ, ಅದು ವಿಷಾನ ತಣ್ಣಗೆ ಮಾಡಿ ನಿಮಗೆ ಬೀಸ್ತಾ ಇತ್ತು. ಗಾಳಿ ತಂಪಾಗಿದೆ ಅಂದ ಮಾತ್ರಕ್ಕೆ ಒಳ್ಳೇದಲ್ಲ ಅಂತ ನಾನು ಊರಿಗೆಲ್ಲಾ ಹೇಳ್ತೀನಿ, ನಮ್ಮ ಮನೇಲಿ ಹೇಳಿದ್ರೆ ಕೇಳೋರಿಲ್ಲ!"

ಜಯರಾಮು ಮಂಚದ ಪಕ್ಕದ ಕುರ್ಚಿಯಲ್ಲಿ ಹೆಂಡತಿಯ ಕೈ ಹಿಡಿದು ಕೂತಿದ್ದರು.

"ಸರ್ವೀಸ್ ಪೂರ್ತಿ ಬೆಂಕಿ ಮುಂದೆ ನಿಂತಿದ್ದೆ ಕಣಮ್ಮ. ನನಗೇನೂ ಆಗ್ಲಿಲ್ಲ. ಅದಕ್ಕೇ ಬೆಂಕಿ ವಿಷ್ಯ ನನಗೆ ಗೊತ್ತು ಅಂದ್ಕೊಂಡಿದ್ದೆ." "ಆ ಬಾಯ್ಲರಿಗೆ ಚಿಮಣಿ ಇತ್ತು. ಊರಾಚೆಗೂ ಕಾಣೋ ಅಂಥ ಚಿಮಣಿ. ಇವಳು ಮಲಗಿದ್ದ ಜಾಗಕ್ಕೆ ಒಂದು ಕಿಟಕಿನೂ ಇಲ್ದಂಗೆ ನಾನೇ ಮುಚ್ಚಿದ್ನಲ್ಲ."

ಹಂಸಿನಿಗೆ ಇನ್ನೂ ಬೈಯಬೇಕೆಂದಿತ್ತು. ಬದಲಿಗೆ ಮಾವನ ಕೈಗೆ ನೀರಿನ ಲೋಟ ಕೊಟ್ಟಳು. ಕೈಯಲ್ಲಿದ್ದ ಫೋನಿಗೆ ಡ್ವೇನ್‌ನ ಸಂದೇಶ ಬಂತು. ಇಬ್ಬರೂ ಮೇಲೆ ಬಂದಿದ್ದಾರೆ, ಸುಧಾರಿಸಿಕೊಂಡಿದ್ದಾರೆ, ಪರದೆ ಮೊದಲಿನ ಹಾಗೆ ಕಟ್ಟಿದ್ದೇವೆ, ನೀನು ಹೇಳಿದ್ದು ಸರಿ ಎಂದು ಬರೆದಿದ್ದ. ಅವನಾದರೂ ಕೇಳಿದನಲ್ಲ ಎಂದುಕೊಂಡಳು.

ಮನೆಗೆ ಬಂದ ಮೇಲೆ ಜಯರಾಮು ಮಾಡಿದ ಮೊದಲ ಕೆಲಸ, ತಾವೇ ಹೋಗಿ ಪಕ್ಕದ ಮನೆಯ ಏಣಿ ಕೇಳಿ ತಂದದ್ದು. ನವನೀತ್ "ಐದ್ ನಿಮಿಷ ಅಪ್ಪ" ಎನ್ನುವುದರೊಳಗೆ ಅಲಾರ್ಮ್ ಸೀಲಿಂಗಿಗೆ ಸೇರಿತ್ತು. ಗುಂಡಿ ಒತ್ತಿ ಪರೀಕ್ಷೆ ಮಾಡಿದರು. ಅದು ಕಿವಿ ತೂತಾಗುವ ಹಾಗೆ ಕಿರುಚಿತು. "ಕಿರ್ಚ್ಕೊಳ್ಳಪ್ಪ, ಚೆನ್ನಾಗಿ ಕಿರ್ಚ್ಕೊ," ಎಂದರು. ಸಾಂಬ್ರಾಣಿಯ ಕೆಂಡ ಹಿತ್ತಲಲ್ಲೇ ತಾನಾಗಿ ಆರಿ ಬೂದಿಯಾಯಿತು. ಅಗ್ನಿಗೆ ನೀರು ಹಾಕಲಿಲ್ಲ, ಅಗ್ನಿಗೆ ಅವಮಾನವೂ ಆಗಲಿಲ್ಲ.

ಕೆಲವು ವಾರ ಕಳೆದ ಮೇಲೆ ಕ್ರ್ಯಾನ್‌ಬರಿಯಲ್ಲಿ ನವನೀತನ ಗೆಳೆಯ ಶ್ರೀನಿಯ ಗೃಹಪ್ರವೇಶ. ಬಾಗಿಲಲ್ಲೇ ಶ್ರೀನಿ ಕೈಮುಗಿದು, "ಬನ್ನಿ ಅಂಕಲ್. ಹೊಗೆ ಯೋಚ್ನೆ ಇಲ್ಲ, ಅಲಾರ್ಮ್ ಎಲ್ಲಾ ತೆಗೆದಿಟ್ಟಿದೀವಿ," ಎಂದ.

ಜಯರಾಮು ಚಪ್ಪಲಿಯನ್ನೂ ಬಿಡಲಿಲ್ಲ. "ಏನ್ ತೆಗೆದಿಟ್ಟಿದೀಯ? ಎಲ್ಲಿ ತೆಗೆದಿಟ್ಟಿದೀಯ? ತಗೊಂಬಾ ಏಣಿನ! ಹೋಮ ಅಂಗಳದಲ್ಲಿ ಮಾಡಪ್ಪ, ದೇವ್ರು ಅಲ್ಲೂ ಬರ್ತಾನೆ. ಕೆಂಡ ಹೊರಗಡೇನೇ ಆರ್ಲಿ. ನಿಮಗೆ ಎಷ್ಟು ಸಲ ಹೇಳ್ಬೇಕು?"

"ಅಂಕಲ್, ನೀವು ಹೇಳ್ತಿರೋದು ಇದೇ ಮೊದಲ್ನೇ ಸಲ..."

"ಇನ್ನೂ ಹೇಳ್ತೀನಿ, ಕೇಳು!"

ಹಿಂದೆ ನಿಂತಿದ್ದ ಹಂಸಿನಿ ಸೆರಗು ಬಾಯಿಗೆ ಒತ್ತಿಕೊಂಡಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈಗ ನಿಮ್ಮ ಸರದಿ. ನಿಮ್ಮ ಮನೆ ಗಣಿಯಲ್ಲ, ನಿಜ. ಆದರೆ ಕಿಟಕಿ ಮುಚ್ಚಿದ ಬೇಸ್‌ಮೆಂಟಿಗೂ ಗಣಿಗೂ ಗಾಳಿಯ ನಿಯಮ ಒಂದೇ. ಹೋಮ ಹೊರಗೆ ಮಾಡಿ, ಮನೆಯ ಬಾಗಿಲು ಕಿಟಕಿಗಳಿಂದ ದೂರ. ಕೆಂಡವನ್ನಾಗಲಿ ಇದ್ದಿಲನ್ನಾಗಲಿ ಮನೆಯೊಳಗೆ ಇಡಬೇಡಿ. ಗರಾಜಿನಲ್ಲೂ ಬೇಡ. ಚಳಿಗಾಲದಲ್ಲಿ ಕರೆಂಟ್ ಹೋದಾಗ ಬಾರ್ಬೆಕ್ಯೂ ಒಲೆ ಒಳಗೆ ತರುವ ಬುದ್ಧಿವಂತರಿದ್ದಾರೆ, ಅವರಿಗೂ ಇದೇ ಮಾತು. ಎಸಿ ಓಡುತ್ತಿದೆ, ಫ್ಯಾನ್ ತಿರುಗುತ್ತಿದೆ, ಹೊಗೆ ಇಲ್ಲ, ವಾಸನೆ ಇಲ್ಲ ಎಂದು ನೆಮ್ಮದಿಯಾಗಿ ಇರಬೇಡಿ. ಒಂದೇ ಮನೆಯಲ್ಲಿ ಇಬ್ಬರಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಉಪವಾಸ, ಬಿಸಿಲು ಎಂದು ಕಾರಣ ಹುಡುಕುತ್ತಾ ಕೂರಬೇಡಿ. ಎಲ್ಲರೂ ಆಚೆ ಬನ್ನಿ, 911ಕ್ಕೆ ಫೋನ್ ಮಾಡಿ, ಅವರು ಬಂದು ನೋಡುವ ತನಕ ಒಳಗೆ ಹೋಗಬೇಡಿ. ಹಂಸಿನಿಯ ಹಾಗೆ ನುಗ್ಗಲು ಹೋಗಬೇಡಿ, ಅವಳ ಅದೃಷ್ಟ ಎಲ್ಲರಿಗೂ ಇರುವುದಿಲ್ಲ.

ಈಗ ಈ ಕಾಗದ ಕೆಳಗಿಡಿ. ತಲೆ ಎತ್ತಿ ಸೀಲಿಂಗ್ ನೋಡಿ. ಅಲಾರ್ಮ್ ಇದೆಯೇ? ಗುಂಡಿ ಒತ್ತಿ, ಕಿರುಚಲಿ. ಇಲ್ಲವೇ? ಹಾಗಾದರೆ ಮಾತು ಬೇಡ, ಎದ್ದು ಹೋಗಿ ಮೊದಲು ಫ್ರಿಜ್ ತೆಗೆಯಿರಿ.